ದೃಷ್ಟಿಕ್ಷೇತ್ರದ ನಕ್ಷೆ: ಅಳೆಯುವುದೋ, ಅಂದಾಜಿಸುವುದೋ?

ಕಣ್ಣಿಗೆ ಕಾಣುವ ನೋಟದ ಯಾವ ಭಾಗಕ್ಕೆ ಮಿದುಳಿನ ಯಾವ ಜಾಗ ಸ್ಪಂದಿಸುತ್ತದೆ ಎಂಬುದೇ ದೃಷ್ಟಿಕ್ಷೇತ್ರದ ನಕ್ಷೆ. ಅದನ್ನು ಯಾವ ವಿಧಾನದಿಂದ ಪಡೆಯಲಿ ಎಂದು, ಬೇರೆಡೆ ತೆಗೆದ ಎಂಆರ್‌ಐ ಚಿತ್ರಗಳನ್ನು ತುಮಕೂರಿನಲ್ಲಿ ಕುಳಿತು ವಿಶ್ಲೇಷಿಸಬೇಕಾದ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಇದು ಉತ್ತರ. ಯಾವ ದಾರಿ ಹಿಡಿದರೂ ಮೊದಲು ಮಿದುಳಿನ ಮೇಲ್ಮೈಯ ಮಾದರಿ ಬೇಕು. ಉಚಿತವಾಗಿ ಸಿಗುವ ಫ್ರೀಸರ್ಫರ್ ತಂತ್ರಾಂಶ ಅದನ್ನು ಕಟ್ಟಿಕೊಡುತ್ತದೆ, ಆದರೆ ಹಲವು ಗಂಟೆ ಹಿಡಿಯುತ್ತದೆ.

ಖರ್ಚೇ ಮುಖ್ಯವಾದರೆ, ಮಿದುಳಿನ ಆಕಾರವನ್ನಷ್ಟೇ ತೋರಿಸುವ ರಚನಾ ಚಿತ್ರವೊಂದರಿಂದಲೇ ವಿ1, ವಿ2, ವಿ3 ಎಂಬ ದೃಷ್ಟಿ ವಲಯಗಳನ್ನು ಅಂದಾಜಿಸುವ ನ್ಯೂರೋಪೈಥಿ ತಂತ್ರಾಂಶ ಸಾಕು. ದೃಷ್ಟಿಮಾರ್ಗಕ್ಕೆ ಪೆಟ್ಟಾದವರಲ್ಲಿ ಮಾತ್ರ ನಾನು ಅದನ್ನು ನೆಚ್ಚಲಾರೆ, ಏಕೆಂದರೆ ಮಿದುಳಿನ ಮಡಿಕೆಗಳ ಆಕಾರದಿಂದ ಹುಟ್ಟಿದ ಅಂದಾಜಿಗೆ ಆ ವ್ಯಕ್ತಿಗೆ ಏನು ಕಾಣುತ್ತಿದೆ ಎಂಬುದು ತಿಳಿಯದು.

ಅಂಥಲ್ಲಿ, ವ್ಯಕ್ತಿ ಚಿತ್ರಗಳನ್ನು ನೋಡುತ್ತಿರುವಾಗಲೇ ಮಿದುಳಿನ ಸ್ಪಂದನವನ್ನು ಎಂಆರ್‌ಐನಲ್ಲಿ ಅಳೆಯಲೇಬೇಕು. ತಿರುಗುವ ಬೆಣೆ, ಹಿಗ್ಗುವ ಉಂಗುರಗಳನ್ನು ತೋರಿಸುವ 1990ರ ದಶಕದ ವಿಧಾನದಲ್ಲಿ ಲೆಕ್ಕ ಹಗುರ. ವಲಯಗಳ ಗಡಿ ಗುರುತಿಸಲು ಅದು ಸಾಕು. 2008ರಲ್ಲಿ ಸಂಶೋಧಕರಾದ ಡುಮೊಲಿನ್ ಮತ್ತು ವ್ಯಾಂಡೆಲ್ ಮಂಡಿಸಿದ ಪಿಆರ್‌ಎಫ್ (ಪಾಪ್ಯುಲೇಶನ್ ರಿಸೆಪ್ಟಿವ್ ಫೀಲ್ಡ್) ವಿಧಾನಕ್ಕೆ ಗಣನೆ ಹೆಚ್ಚು, ಆದರೆ ಮೇಲ್ಮೈಯ ಪ್ರತಿ ಬಿಂದುವೂ ಸ್ಪಂದಿಸುವ ಕ್ಷೇತ್ರದ ಗಾತ್ರವನ್ನು ಅದು ಕೊಡುವುದರಿಂದ, ಗಾತ್ರವೇ ಪ್ರಶ್ನೆಯಾದಾಗ ಅದನ್ನೇ ಆರಿಸಿಕೊಳ್ಳಿ.