ಸಿಡಿಪಿಒ ಆಫೀಸಿನಲ್ಲಿ ಡಿವಿ (ಕೌಟುಂಬಿಕ ದೌರ್ಜನ್ಯ) ಕೇಸ್: ಬರೆದುಕೊಳ್ಳುವುದು ಚೆನ್ನಾಗಿದೆ, ನೋಟಿಸ್‌ಗೆ ಮಾತ್ರ ಬೆನ್ನು ಬೀಳಬೇಕು

ಐದಕ್ಕೆ ಮೂರು ಸ್ಟಾರ್. ಒಂದು ಕಳೆದದ್ದು ನೋಟಿಸ್ ವಿಷಯಕ್ಕೆ, ಇನ್ನೊಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅನ್ನೋ ಮಾತಿಗೆ.

ಗಂಡನ ಕಾಟ ತಡೆಯಲಾಗದೆ ಹೊರಟಿದ್ದ ಗೆಳತಿಯ ಜೊತೆ ನಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿದ್ದೆ. ಅಂಗನವಾಡಿ ನೋಡಿಕೊಳ್ಳೋ ಆಫೀಸಿಗೂ ಇದಕ್ಕೂ ಏನು ಸಂಬಂಧ ಅಂತೀರಾ? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ನಮ್ಮಲ್ಲಿ ತಾಲೂಕು ಮಟ್ಟದಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಫೀಸ್ ಏನೂ ಇಲ್ಲ.

ಮುಂದಿನ ಟೇಬಲ್‌ನವರು ಕೂರಿಸಿದ ಕೂಡಲೇ ಗಂಡನ್ನ ಕರೆಸಿ ಮಾತಾಡಿಸೋಣ ಅಂದರು. ಅದಕ್ಕೆ ಒಪ್ಪಬೇಡಿ. ಕೌನ್ಸೆಲಿಂಗ್‌ಗೆ ಕಳಿಸಬೇಕೋ ಬೇಡವೋ ಅನ್ನೋದು ಅರ್ಜಿ ಹಾಕಿದ ಮೇಲೆ ಮ್ಯಾಜಿಸ್ಟ್ರೇಟ್ ಹೇಳಬೇಕಾದ್ದು. ಡಿಐಆರ್ (ನಡೆದ ದೌರ್ಜನ್ಯದ ವಿವರ ಬರೆದು ಮ್ಯಾಜಿಸ್ಟ್ರೇಟ್‌ಗೆ ಕೊಡೋ ವರದಿ) ಬರೆದುಕೊಳ್ಳಿ ಅಂತ ಗಟ್ಟಿಯಾಗಿ ಕೇಳಿ.

ಒಳಗೆ ಡಿಐಆರ್ ಬರೆದುಕೊಂಡ ಮೇಡಂ ಮಾತ್ರ ನಿಜಕ್ಕೂ ಚೆನ್ನಾಗಿ ಮಾಡಿದರು. ಆ ಫಾರಂನಲ್ಲಿ ಹೊಡೆತ ಬಡಿತ ಮಾತ್ರ ಅಲ್ಲ, ಬೈಗುಳ, ಕೆಲಸಕ್ಕೆ ಹೋಗಬೇಡ ಅನ್ನೋದು, ಸಂಬಳ ಕಿತ್ತುಕೊಳ್ಳೋದು, ಒಡವೆ ಅಡ ಇಡೋದು, ಎಲ್ಲಕ್ಕೂ ಬೇರೆ ಬೇರೆ ಜಾಗ ಇದೆ. ಗೆಳತಿ "ತುಂಬಾ ಕೆಟ್ಟದಾಗಿ ಬೈತಾನೆ" ಅಂದು ತಲೆ ತಗ್ಗಿಸಿದಳು. ಮೇಡಂ ಪೆನ್ ಕೆಳಗಿಟ್ಟು, ಬಾಗಿಲು ಮುಂದೆ ಮಾಡಿ, ಅವನು ಏನಂದನೋ ಅದನ್ನೇ ಹೇಳಮ್ಮ ಅಂದರು. ಅವಳು ಹೇಳಿದ ಹಾಗೇ ಬರೆದರು. ಒಡವೆ, ಆಧಾರ್, ಪಾಸ್‌ಬುಕ್ ಗಂಡನ ಹತ್ತಿರ ಇದೆ ಅನ್ನೋದನ್ನೂ ನೆನಪಿಸಿ ಸೇರಿಸಿದರು.

ವಕೀಲರು ಕಾನೂನು ಸೇವಾ ಸಮಿತಿಯಿಂದ ಉಚಿತ. ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಅರ್ಜಿ ಜೊತೆ ಅಫಿಡವಿಟ್ ಕೊಟ್ಟು ಮಧ್ಯಂತರ ಆದೇಶ ಕೇಳಿದ್ದೇ ಒಳ್ಳೆಯದಾಯಿತು. ಗಂಡ ಬರುವ ಮೊದಲೇ ಸಿಕ್ಕಿತು: ಅವಳ ಮೇಲೆ ಕೈ ಮಾಡಬಾರದು, ಫೋನ್ ಮಾಡಬಾರದು, ಕೆಲಸದ ಜಾಗಕ್ಕೆ ಬರಬಾರದು, ಮನೆಯಿಂದ ಹೊರಗೆ ಹಾಕಬಾರದು. ಮನೆ ಅತ್ತೆ ಹೆಸರಲ್ಲಿದೆ ಅಂತ ಇವಳಿಗೆ ಭಯ ಇತ್ತು. ಸಂಸಾರ ಮಾಡಿದ ಮನೆ ಅತ್ತೆ ಮಾವನದಾದರೂ ಅಲ್ಲಿರುವ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡೈವೋರ್ಸ್ ಕೇಳಲೇಬೇಕು ಅಂತಲೂ ಇಲ್ಲ.

ಈಗ ಗೋಳು. ಕೋರ್ಟಿನ ನೋಟಿಸ್ ಸಿಡಿಪಿಒ ಆಫೀಸಿಗೆ ಬಂದ ಎರಡು ದಿನದೊಳಗೆ ಗಂಡನಿಗೆ ತಲುಪಿಸಬೇಕು ಅನ್ನುತ್ತೆ ಕಾನೂನು. ನಮ್ಮದು ಫೈಲಿನಲ್ಲೇ ಮಲಗಿತ್ತು. ಕೇಳಿದಾಗಲೆಲ್ಲ ಜೀಪ್ ಇಲ್ಲ, ಮೀಟಿಂಗ್ ಇದೆ. ಕೊನೆಗೆ ಹೋದವರು "ಡೋರ್ ಲಾಕ್" ಅಂತ ಬರೆದು ವಾಪಸ್ ತಂದರು. ಅವನು ಪಕ್ಕದ ರಸ್ತೆಯ ಗ್ಯಾರೇಜಿನಲ್ಲೇ ಇದ್ದ ಸ್ವಾಮಿ! 60 ದಿನದಲ್ಲಿ ಅರ್ಜಿ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ. ಹೀಗೆ ನೋಟಿಸೇ ತಿರುಗುತ್ತಿದ್ದರೆ ಎಲ್ಲಿಂದ ಮುಗಿಯುತ್ತೆ? ಗಂಡ ಮನೆಯಲ್ಲಿ, ಕೆಲಸದಲ್ಲಿ ಯಾವ ಹೊತ್ತಿಗೆ ಸಿಗುತ್ತಾನೆ ಅಂತ ನೀವೇ ಚೀಟಿ ಬರೆದು ಕೊಟ್ಟುಬಿಡಿ.

ಆದೇಶದ ಪ್ರತಿ ಪೊಲೀಸ್ ಸ್ಟೇಷನ್‌ಗೂ ಕೋರ್ಟಿನಿಂದ ಹೋಗುತ್ತೆ. ಆದರೂ ನೀವೇ ಒಂದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ರಹಿತ ಅಪರಾಧ. ಸ್ಟೇಷನ್‌ನಲ್ಲಿ "ಇದು ಸಿವಿಲ್ ಮ್ಯಾಟರ್" ಅಂದರೆ ಕಲಂ 31 ತೋರಿಸಿ.