ಮಳೆಹನಿಯ ನೆರಳು ಹಿಡಿಯುವ ಪ್ರೋಬ್: ನಾಲ್ಕು ವರ್ಷಗಳ ಬಳಕೆಯ ನಂತರ

ವಿಮಾನದ ರೆಕ್ಕೆಯಡಿ ಕಟ್ಟಿ ಮೋಡದೊಳಗೆ ಒಯ್ದು ಹನಿಗಳ ಚಿತ್ರ ತೆಗೆಯುವ ಉಪಕರಣವಾದ ಈ ಪ್ರೋಬನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಬೆಳಕನ್ನು ಗ್ರಹಿಸುವ 64 ಡಯೋಡ್‌ಗಳು, 100 ಮೈಕ್ರೋಮೀಟರ್ ಸೂಕ್ಷ್ಮತೆ ಮುಂತಾದವು ಕೈಪಿಡಿಯಲ್ಲಿ ವಿವರವಾಗಿಯೇ ಇವೆ. ಅಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿರುವುದು ವೇಗದ ವಿಷಯ.

ಹನಿಯೊಂದು ಲೇಸರ್ ಕಿರಣವನ್ನು ಹಾಯುವಾಗ ಡಯೋಡ್‌ಗಳ ಮೇಲೆ ಬೀಳುವ ಅದರ ನೆರಳನ್ನು ಪ್ರೋಬ್ ಸೀಳು ಸೀಳಾಗಿ ದಾಖಲಿಸಿ ಚಿತ್ರವಾಗಿ ಜೋಡಿಸುತ್ತದೆ. ವಿಮಾನ ಸೆಕೆಂಡಿಗೆ 100 ಮೀಟರ್ ಸಾಗುತ್ತಿದ್ದರೆ, 100 ಮೈಕ್ರೋಮೀಟರ್‌ಗೆ ಒಂದರಂತೆ ಸೆಕೆಂಡಿಗೆ 10 ಲಕ್ಷ ಸೀಳುಗಳು ಬೇಕು. ಆದ್ದರಿಂದ ವಿಮಾನದ ವೇಗ ಪ್ರೋಬ್‌ಗೆ ಕ್ಷಣಕ್ಷಣವೂ ತಲುಪುತ್ತಿರಬೇಕು. ಆ ಮಾಹಿತಿ ಕಡಿದುಹೋದರೆ ನಮ್ಮ ಪ್ರೋಬ್ ಪರದೆಯ ಮೇಲೆ ಯಾವ ಸೂಚನೆಯನ್ನೂ ಕೊಡದೆ, ಮೊದಲೇ ತುಂಬಿಟ್ಟ 100 ಮೀಟರ್ ವೇಗಕ್ಕೆ ಮರಳಿಬಿಡುತ್ತದೆ.

ನಾವು 120 ಮೀಟರ್ ವೇಗದಲ್ಲಿ ಹಾರುತ್ತಿದ್ದ ದಿನ ಹೀಗಾಯಿತು. ಸುಮಾರು 3 ಮಿಲಿಮೀಟರ್‌ನ ಹನಿಗಳು ಬೀಳುವಾಗ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗುತ್ತವೆ. ನಮ್ಮ ಚಿತ್ರಗಳಲ್ಲಿ ಅವು ದುಂಡಗಿದ್ದವು. ಗುಟ್ಟು ರಟ್ಟಾದದ್ದು ಚಿಕ್ಕ ಹನಿಗಳಿಂದ. ದುಂಡಗಿರಲೇಬೇಕಾದ 1 ಮಿಲಿಮೀಟರ್ ಹನಿ 10 ಡಯೋಡ್ ಎತ್ತರವಿದ್ದರೂ 8 ಸೀಳುಗಳಷ್ಟೇ ಉದ್ದವಿತ್ತು; ಎಂದರೆ ಎಲ್ಲ ಚಿತ್ರಗಳೂ ಉದ್ದಕ್ಕೆ ಕುಗ್ಗಿದ್ದವು. ಹನಿಯ ಆಕಾರವನ್ನೇ ತಿಳಿಯಲು ಹೊರಟವರಿಗೆ ಇದು ಸಣ್ಣ ದೋಷವಲ್ಲ, ಆ ವಾರವಿಡೀ ನನಗೆ ಸಮಾಧಾನವಿರಲಿಲ್ಲ.

ಆದರೆ ಕಚ್ಚಾ ದಾಖಲೆಯನ್ನು ಬಿಡಿಸಿ ನೋಡಿದಾಗ ಮನಸ್ಸು ಸ್ವಲ್ಪ ತಿಳಿಯಾಯಿತು. ಪ್ರತಿ ಹನಿಯ ಸೀಳುಗಳೂ ಸಮಯದ ಗುರುತಿನೊಂದಿಗೆ ಉಳಿದಿದ್ದವು, ವಿಮಾನದ ನಿಜವಾದ ವೇಗ ಬೇರೆ ಕಡತದಲ್ಲಿತ್ತು. ಚಿತ್ರಗಳನ್ನು ಉದ್ದಕ್ಕೆ 1.2 ಪಟ್ಟು ಹಿಗ್ಗಿಸಿದಾಗ ದೊಡ್ಡ ಹನಿಗಳು ಮತ್ತೆ ಚಪ್ಪಟೆಯಾದವು. ದಾಖಲಾಗದೆ ಹೋದ ಸೀಳುಗಳು ಮಾತ್ರ ಮರಳಿ ಬರಲಿಲ್ಲ.

ಹಾರಾಟದ ಮುಂಜಾನೆ ಮದ್ಯಸಾರದಲ್ಲಿ ಅದ್ದಿದ ಎಳೆ ಬಿಡದ ಬಟ್ಟೆಯಿಂದ, ಲೇಸರ್ ಕಿರಣ ಹಾಯುವ ಪ್ರೋಬ್‌ನ ಎರಡೂ ತೋಳುಗಳ ಕಿಟಕಿಗಾಜನ್ನು ಒರೆಸುವುದು, ಕ್ರೋಮಿಯಂ ಚುಕ್ಕೆಗಳಿರುವ ಗಾಜಿನ ತಟ್ಟೆಯನ್ನು ಕಿರಣದಲ್ಲಿ ತಿರುಗಿಸಿ, ಅಳತೆ ಗೊತ್ತಿರುವ ಆ ಚುಕ್ಕೆಗಳು ಪರದೆಯ ಮೇಲೆ ಸಾಲಾಗಿ ಮೂಡುವುದನ್ನು ನೋಡುವುದು ನನಗೆ ಬಹಳ ಪ್ರಿಯವಾದ ಕೆಲಸ. ತಟ್ಟೆಯ ಪರೀಕ್ಷೆಗೆಂದು ಕೈಯಿಂದ ತುಂಬಿದ ವೇಗವನ್ನು ಅಳಿಸಿ ವಿಮಾನದ ವೇಗಕ್ಕೆ ಮರಳಿಸಿದ್ದೇನೆಯೇ ಎಂದು ಈಗ ಎರಡು ಬಾರಿ ನೋಡುತ್ತೇನೆ. ಮೇಲೇರಿದ ನಂತರ ಪ್ರತಿ ಹತ್ತು ನಿಮಿಷಕ್ಕೊಮ್ಮೆ ವಿಮಾನದ ವೇಗವನ್ನು ಪ್ರೋಬ್ ಬಳಸುತ್ತಿರುವ ವೇಗದೊಂದಿಗೆ ಹೋಲಿಸುತ್ತೇನೆ.

ಎರಡು ಕಿರಣಗಳ ಹೊಸ ಪ್ರೋಬ್ ನಮ್ಮ ಅನುದಾನಕ್ಕೆ ನಿಲುಕುವುದಿಲ್ಲವಾದ್ದರಿಂದ ಇದನ್ನೇ ಮುಂದುವರಿಸುತ್ತೇವೆ. ವೇಗದ ಮಾಹಿತಿ ತಪ್ಪಿದಾಗ ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡುವಂತಾಗುವವರೆಗೆ, ಜೊತೆಯಲ್ಲಿ ಕುಳಿತು ಕಾಯಲು ಒಬ್ಬರಿಲ್ಲದ ತಂಡಕ್ಕೆ ಇದನ್ನು ಶಿಫಾರಸು ಮಾಡಲಾರೆ.