ಧಾರಾವಿಯಲ್ಲಿ ಕೊಂಡ ಮೂಳೆಯ ಪಟ್ಟಿ

ಮುಂಬಯಿಯಲ್ಲಿ ಚಿತ್ರೀಕರಣಕ್ಕೆ ಪಿಸ್ತೂಲು ಇಡುವ ಚರ್ಮದ ಚೀಲ, ಅಂದರೆ ಹೋಲ್‌ಸ್ಟರ್ ಹೊಲಿಯುವ ನಾನು, ಧಾರಾವಿಯ ಅಂಗಡಿಯೊಂದರಲ್ಲಿ ಕೊಂಡ ಗೇಣುದ್ದದ ಮೂಳೆಯ ಪಟ್ಟಿಯನ್ನು ಆರು ತಿಂಗಳಿನಿಂದ ಬಳಸುತ್ತಿದ್ದೇನೆ. ಮರದ ತೊಗಟೆಯ ರಸದಲ್ಲಿ ಹದಮಾಡಿದ, ಸುಮಾರು 3 ಮಿಲಿಮೀಟರ್ ದಪ್ಪದ ಚರ್ಮವನ್ನು ನೀರಿನಲ್ಲಿ ನೆನೆಸಿ, ಅದರ ಮೂಲ ಬಣ್ಣ ಮರಳತೊಡಗಿದಾಗ ಪ್ಲಾಸ್ಟಿಕ್ ಸುತ್ತಿದ ನಕಲಿ ಪಿಸ್ತೂಲಿನ ಮೇಲೆ ಹೊದಿಸಿ, ಮೊದಲು ಹೆಬ್ಬೆರಳಿನಿಂದಲೂ ಬಳಿಕ ಪಟ್ಟಿಯ ದುಂಡು ತುದಿಯಿಂದಲೂ ಒತ್ತುತ್ತ ಹೋದರೆ, ಪಿಸ್ತೂಲಿನ ಕುದುರೆಯ (ಟ್ರಿಗರ್) ಸುತ್ತಲಿನ ಬಳೆಯ ಬಾಗು ಸ್ಪಷ್ಟವಾಗಿ ಮೂಡುತ್ತದೆ. ಕ್ರೋಮಿಯಂ ಲವಣದಿಂದ ಹದಮಾಡಿದ ಕ್ರೋಮ್ ಚರ್ಮ ಹೀಗೆ ಆಕಾರ ಹಿಡಿಯುವುದಿಲ್ಲ.

ಪಟ್ಟಿಯ ಒಂದು ಅಂಚು ಒರಟಾಗಿದ್ದುದರಿಂದ ಮೊದಲ ಹೋಲ್‌ಸ್ಟರಿನ ಮೇಲೆ ಅಳಿಸಲಾಗದ ಗೀರು ಬಿದ್ದಿತು. ಇಷ್ಟು ಒಳ್ಳೆಯ ಸಾಧನವನ್ನು ಉಜ್ಜದೆ ಮಾರಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ನುಣುಪಾದ ಉಪ್ಪುಕಾಗದದಿಂದ ತಿಕ್ಕಿದ ಮೇಲೆ ತೊಂದರೆಯಿಲ್ಲ. ಇಲ್ಲಿನ ಮಳೆಗಾಲದಲ್ಲಿ ಮಾತ್ರ ನೆನೆಸಿದ ಚರ್ಮ ಒಣಗಿಸಲು ಫ್ಯಾನಿನ ಕೆಳಗೆ 2 ದಿನ ಇಡಬೇಕಾಗುತ್ತದೆ.